ಹಾಯಿದೋಣಿಗೆ ಎಂಥ ಏಣಿ? ನೀರಿನಲ್ಲಿರುವವರ ಕಡೆಯಿಂದ ಒಂದು ಲೆಕ್ಕಾಚಾರ

ಬೆಂಗಳೂರಿನಲ್ಲಿ ಕುಳಿತು ಹಾಯಿದೋಣಿಯ ಮಾತಾಡಿದರೆ ನಗುವವರು ಇದ್ದೇ ಇರುತ್ತಾರೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಇದು. ಮಂಗಳೂರಿಗಾಗಲಿ, ಮಲ್ಪೆಗಾಗಲಿ, ಕಾರವಾರಕ್ಕಾಗಲಿ ಒಂದು ರಾತ್ರಿಯ ಬಸ್ ಪ್ರಯಾಣ. ಆದರೂ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಹಾಯಿ ಬಿಚ್ಚಿ ಅಭ್ಯಾಸ ಮಾಡುವುದನ್ನು ದಡದಲ್ಲಿ ನಡೆಯುವವರು ಕಂಡಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಸ್ಪರ್ಧೆಗಳು ನಡೆದಿವೆ. ರಜೆ ಸಿಕ್ಕರೆ ಕರಾವಳಿಗೆ ಓಡಿ ಹಾಯಿ ಹಿಡಿಯುವ ನಗರವಾಸಿಗಳ ಸಣ್ಣ ಬಳಗವೂ ಇದೆ. ಇವರಲ್ಲಿ ಯಾರಾದರೂ ಐದಾರು ಮೀಟರ್ ಉದ್ದದ ಹಳೆಯ ಫೈಬರ್ ದೋಣಿಯೊಂದನ್ನು ಕೊಳ್ಳಲು ಹೊರಟರೆ ಮೊದಲು ಹಾಯಿಯ ಬಟ್ಟೆಯನ್ನು ಮುಟ್ಟಿ ನೋಡುತ್ತಾರೆ, ಕಂಬದ ಬುಡವನ್ನು ತಟ್ಟಿ ನೋಡುತ್ತಾರೆ, ಎಂಜಿನ್ ಶುರುವಾಗುತ್ತದೆಯೇ ಎಂದು ಹಗ್ಗ ಎಳೆಯುತ್ತಾರೆ. ಏಣಿಯ ನೆನಪಾಗುವುದು ಎಲ್ಲ ಮುಗಿದ ಮೇಲೆ, ಯಾರಾದರೂ ಈಜಬೇಕು ಎಂದಾಗ.

ಆಗ ಆಗುವ ಎಡವಟ್ಟು ಒಂದೇ ಬಗೆಯದು. ಏಣಿಯನ್ನು ಕೊಳ್ಳುವವರು ದೋಣಿಯ ಮೇಲೆ ಒಣಗಿದ ಬಟ್ಟೆಯಲ್ಲಿ ನಿಂತು ಕೆಳಗೆ ನೋಡುತ್ತಾ ಕೊಳ್ಳುತ್ತಾರೆ. ಮಡಚಿದರೆ ಎಷ್ಟು ಜಾಗ ಹಿಡಿಯುತ್ತದೆ, ನೋಡಲು ಹೇಗಿದೆ, ಹಾಯಿಯ ಹಗ್ಗಕ್ಕೆ ತೊಡರುತ್ತದೆಯೇ ಎಂಬುದಷ್ಟೇ ಅವರ ಪ್ರಶ್ನೆ. ಬಳಸುವವರು ನೀರಿನಲ್ಲಿ ಗಲ್ಲದವರೆಗೆ ಮುಳುಗಿ, ಸುಸ್ತಾಗಿ, ಮೇಲೆ ನೋಡುತ್ತಿರುತ್ತಾರೆ. ಅವರಿಗೆ ಬೇಕಾದದ್ದು ಎರಡೇ: ಕಾಲಿಗೆ ಸಿಗುವಷ್ಟು ಆಳದಲ್ಲಿ ಒಂದು ಮೆಟ್ಟಿಲು, ಮತ್ತು ಆ ಏಣಿಯನ್ನು ಯಾರ ಸಹಾಯವೂ ಇಲ್ಲದೆ ನೀರಿನಿಂದಲೇ ಕೆಳಗಿಳಿಸುವ ದಾರಿ. ಈ ಎರಡು ಸರಿಯಿದ್ದರೆ ಉಳಿದ ಲೋಪಗಳನ್ನು ಸಹಿಸಬಹುದು. ಇವೆರಡು ಇಲ್ಲದಿದ್ದರೆ ಎಷ್ಟು ಹೊಳೆಯುವ ಏಣಿಯಾದರೂ ಅದು ದೋಣಿಯ ಅಲಂಕಾರ.

ಏರುವುದು ಏಕೆ ಕಷ್ಟ

ಚೆನ್ನಾಗಿ ಈಜು ಬಲ್ಲವರೇ ಈ ವಿಷಯದಲ್ಲಿ ಹೆಚ್ಚು ಮೋಸ ಹೋಗುತ್ತಾರೆ. ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ತೀರಾ ಹತ್ತಿರ. ಹಾಗಾಗಿ 70 ಕೆಜಿ ತೂಕದ ಒಬ್ಬರು ಕುತ್ತಿಗೆಯವರೆಗೆ ಮುಳುಗಿದ್ದರೆ, ಅವರ ಕೈಕಾಲುಗಳು ನಿಜವಾಗಿ ಹೊರುತ್ತಿರುವುದು ತಲೆಯ ತೂಕವನ್ನಷ್ಟೇ, ನಾಲ್ಕೈದು ಕೆಜಿ. ಉಳಿದದ್ದನ್ನು ನೀರು ಹೊತ್ತಿರುತ್ತದೆ. ಆರ್ಕಿಮಿಡೀಸನ ಈ ಉಪಕಾರ ನೀರಿನಿಂದ ಹೊರಬರುತ್ತಿದ್ದಂತೆ ಕಂತುಕಂತಾಗಿ ವಾಪಸಾಗುತ್ತದೆ: ಒಂದು ಲೀಟರಿನಷ್ಟು ದೇಹ ಹೊರಬಂದರೆ ಒಂದು ಕೆಜಿ ಭಾರ ಮರಳಿ ಬರುತ್ತದೆ. ಸೊಂಟದವರೆಗೆ ಮೇಲೆದ್ದಾಗ 40 ಕೆಜಿ ದಾಟಿರುತ್ತದೆ, ಮತ್ತು ಆ ಕ್ಷಣದಲ್ಲಿ ಕಾಲಿಗೆ ಆಧಾರವಿಲ್ಲದಿದ್ದರೆ ಅಷ್ಟನ್ನೂ ತೋಳುಗಳೇ ಎತ್ತಬೇಕು. ನೆನೆದ ಬಟ್ಟೆಯೂ ಹೀಗೆಯೇ. ನೀರಿನೊಳಗಿದ್ದಾಗ ಅದು ಹಿಡಿದ ನೀರಿಗೆ ತೂಕವೇ ಇಲ್ಲ, ಮೇಲೆದ್ದೊಡನೆ ಎಲ್ಲ ನೀರೂ ಮೈಗೆ ಜೋತುಬೀಳುತ್ತದೆ. ಜೀನ್ಸ್ ತೊಟ್ಟು ನೀರಿಗೆ ಬಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ನಂಬಿಕೆ ಬಾರದಿದ್ದರೆ ಬಸವನಗುಡಿಯದೋ ಸದಾಶಿವನಗರದ್ದೋ ಈಜುಕೊಳಕ್ಕೆ ಹೋಗಿ. ತರಬೇತುದಾರರಿಗೆ ಮೊದಲೇ ತಿಳಿಸಿ, ಲೈಫ್ ಜಾಕೆಟ್ ತೊಟ್ಟು, ಆಳದ ಕಡೆಯಲ್ಲಿ ನಾಲ್ಕಾರು ಸುತ್ತು ಈಜಿ ದಣಿಯಿರಿ. ಆಮೇಲೆ ಗೋಡೆಗೆ ಕಾಲು ತಾಗಿಸದೆ, ಬರೀ ತೋಳಿನ ಬಲದಿಂದ ಕಟ್ಟೆ ಏರಲು ಪ್ರಯತ್ನಿಸಿ. ಈಜುಕೊಳದ ಕಟ್ಟೆ ನೀರಿನಿಂದ ಒಂದು ಗೇಣೂ ಮೇಲಿರುವುದಿಲ್ಲ, ಅದು ಅಲುಗಾಡುವುದೂ ಇಲ್ಲ. ಐದಾರು ಮೀಟರಿನ ಹಾಯಿದೋಣಿಯ ಅಂಚು ನೀರಿನಿಂದ 60ರಿಂದ 90 ಸೆಂ.ಮೀ. ಮೇಲಿರುತ್ತದೆ ಮತ್ತು ನೀವು ಹಿಡಿದೊಡನೆ ನಿಮ್ಮ ಕಡೆಗೇ ವಾಲುತ್ತದೆ. ಮುಂದೆ ಉಬ್ಬಿದ ಲೈಫ್ ಜಾಕೆಟ್ ಎದೆಗೂ ದೋಣಿಗೂ ನಡುವೆ ಸಿಕ್ಕಿಕೊಂಡು ದೇಹವನ್ನು ಹಿಂದಕ್ಕೆ ತಳ್ಳುತ್ತದೆ. ಯುವಕರು, ವ್ಯಾಯಾಮಶಾಲೆಗೆ ಹೋಗುವವರು ಹೇಗೋ ಏರಿಯಾರು. ಅವರ ಅಮ್ಮ ಏರಲಾರರು, ಅವರೇ ಅರ್ಧ ಗಂಟೆ ಈಜಿದ ಮೇಲೆ ಏರಲಾರರು.

ಏಣಿ ಮಾಡುವ ಕೆಲಸ ಈ ಭಾರವನ್ನು ತೋಳಿನಿಂದ ತೊಡೆಗೆ ದಾಟಿಸುವುದು. ಮನುಷ್ಯನ ತೊಡೆಗಳು ದಿನವೂ ಇಡೀ ದೇಹವನ್ನು ಮಹಡಿ ಹತ್ತಿಸುತ್ತವೆ, ಅವಕ್ಕೆ ಇದು ಹೊಸದಲ್ಲ. ಆದರೆ ತೊಡೆ ಕೆಲಸ ಮಾಡಬೇಕಾದರೆ ಪಾದ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ತಲುಪಬೇಕು. ಬಹುತೇಕ ಏಣಿಗಳು ಸೋಲುವುದು ಇಲ್ಲಿಯೇ.

ಕೊನೆಯ ಮೆಟ್ಟಿಲಿನ ಲೆಕ್ಕ

ಸಾಧಾರಣ ಎತ್ತರದ ಒಬ್ಬರು ಗಲ್ಲ ನೀರಿಗೆ ತಾಗುವಂತೆ ನೆಟ್ಟಗೆ ತೇಲುತ್ತಿದ್ದರೆ ಅವರ ಭುಜ ನೀರಿನ ಮಟ್ಟದಿಂದ ಒಂದು ಗೇಣಿನೊಳಗೆ ಇರುತ್ತದೆ, ಸೊಂಟದ ಕೀಲು ಸುಮಾರು 60 ಸೆಂ.ಮೀ. ಕೆಳಗಿರುತ್ತದೆ. ಏಣಿಯ ಕೊನೆಯ ಮೆಟ್ಟಿಲು ನೀರಿನಿಂದ ಹತ್ತು ಸೆಂ.ಮೀ. ಕೆಳಗಿದ್ದರೆ ಪಾದವನ್ನು ಭುಜದ ಎತ್ತರಕ್ಕೆ ಎತ್ತಬೇಕು. ಯೋಗಾಸನದಲ್ಲಿ ಪಳಗಿದವರಿಗೆ ಅದು ಆದೀತು, ಉಳಿದವರಿಗೆ ಆಗದು. 30 ಸೆಂ.ಮೀ. ಕೆಳಗಿದ್ದರೆ ಎದೆಯ ಎತ್ತರ, ತಿಣುಕಾಡಿದರೆ ಸಾಧ್ಯ. 56 ಸೆಂ.ಮೀ. ಕೆಳಗಿದ್ದರೆ ಸೊಂಟದ ಎತ್ತರ. ಕೈಯಿಂದ ಏಣಿ ಹಿಡಿದು ಮೊಣಕಾಲು ಮಡಿಸಿದರೆ ಪಾದ ಸಲೀಸಾಗಿ ಕೂರುತ್ತದೆ. ಈ 56 ನಾನು ಕಟ್ಟಿದ ಸಂಖ್ಯೆಯಲ್ಲ. ದೋಣಿ ತಯಾರಿಕೆಗೆ ಮಾನದಂಡಗಳನ್ನು ಬರೆಯುವ ಅಮೆರಿಕದ ಎಬಿವೈಸಿ ಸಂಸ್ಥೆ, ಕೊನೆಯ ಮೆಟ್ಟಿಲಿನ ಮೇಲ್ಮೈ ನೀರಿನ ಮಟ್ಟದಿಂದ ಕನಿಷ್ಠ 22 ಇಂಚು ಕೆಳಗಿರಬೇಕು ಎನ್ನುತ್ತದೆ. 22 ಇಂಚು ಎಂದರೆ 56 ಸೆಂ.ಮೀ.

ಈಗ ಅಂಗಡಿಯ ಏಣಿಯನ್ನು ಈ ಅಳತೆಗೆ ಹಿಡಿಯೋಣ. ದೋಣಿಯ ಹಿಂಬದಿಯ ಅಂಚು ನೀರಿನಿಂದ 75 ಸೆಂ.ಮೀ. ಮೇಲಿದೆ ಎನ್ನಿ. ಏಣಿಯ ಮೇಲಿನ ಮೆಟ್ಟಿಲು ಅಂಚಿನಿಂದ 25 ಸೆಂ.ಮೀ. ಕೆಳಗೆ ಬರುತ್ತದೆ, ಮೆಟ್ಟಿಲುಗಳ ನಡುವೆ 28 ಸೆಂ.ಮೀ. ಅಂತರ. ಮೂರು ಮೆಟ್ಟಿಲಿನ ಏಣಿಯಾದರೆ ಕೊನೆಯದು ಅಂಚಿನಿಂದ 81 ಸೆಂ.ಮೀ. ಕೆಳಗೆ, ಅಂದರೆ ನೀರಿನೊಳಗೆ ಬರೀ 6 ಸೆಂ.ಮೀ. ನಾಲ್ಕು ಮೆಟ್ಟಿಲಾದರೆ 34. ಐದಾದರೆ 62. ಹಾಗಾಗಿ ಈ ದೋಣಿಗೆ ಐದು ಮೆಟ್ಟಿಲಿನದೇ ಆಗಬೇಕು. ಮೂರು ಮೆಟ್ಟಿಲಿನದು ಮುದ್ದಾಗಿ ಮಡಚಿಕೊಳ್ಳುತ್ತದೆ, ಬೆಲೆಯೂ ಕಡಿಮೆ, ನಿಂತ ದೋಣಿಯಿಂದ ಜೆಟ್ಟಿಗೆ ಇಳಿಯಲೂ ಚೆನ್ನ. ನೀರಿನಿಂದ ಏರುವವರಿಗೆ ಅದು ಕೈ ಹಿಡಿಯುವ ಕಂಬಿಯಷ್ಟೇ.

ಅಳತೆ ತೆಗೆಯುವಾಗ ಒಂದು ಸೂಕ್ಷ್ಮವಿದೆ, ಇದನ್ನು ಮರೆಯುವವರೇ ಹೆಚ್ಚು. ಎಲ್ಲರೂ ದೋಣಿಯಲ್ಲಿ ಕುಳಿತಿರುವಾಗ ಟೇಪು ಹಿಡಿದರೆ ಅಂಚು ನಿಜಕ್ಕಿಂತ ಕೆಳಗೆ ಕಾಣುತ್ತದೆ. ಈಜಲು ಇಳಿದ ಮೇಲೆ ದೋಣಿ ಹಗುರಾಗಿ ಮೇಲೇಳುತ್ತದೆ. ಐದೂವರೆ ಮೀಟರಿನ ದೋಣಿ ನೀರಿನ ಮಟ್ಟದಲ್ಲಿ ಸುಮಾರು 6 ಚದರ ಮೀಟರ್ ಜಾಗ ಆವರಿಸುತ್ತದೆ ಎಂದುಕೊಂಡರೆ, 70 ಕೆಜಿಯ ಮೂವರು ಇಳಿದಾಗ ಅದು ಮೂರೂವರೆ ಸೆಂ.ಮೀ. ಏಳುತ್ತದೆ. ಅವರು ಕುಳಿತಿದ್ದದ್ದು ಹಿಂಬದಿಯಲ್ಲೇ ಆದರೆ ಹಿಂಬದಿ ಇನ್ನೂ ಹೆಚ್ಚು ಏಳುತ್ತದೆ. ಆದ್ದರಿಂದ ಖಾಲಿ ದೋಣಿಯನ್ನು ಅಳೆಯಿರಿ, ಸಾಧ್ಯವಾದರೆ ನೀರಿನಲ್ಲಿ ನಿಂತು ಅಳೆಯಿರಿ.

ಮೆಟ್ಟಿಲಿನ ಆಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬರಿಗಾಲಿಗೆ ದುಂಡನೆಯ ಕೊಳವೆ ಕೊರೆಯುತ್ತದೆ, ಚಪ್ಪಟೆಯಾದ, ಅಗಲದ, ಒರಟು ಮೇಲ್ಮೈಯ ಮೆಟ್ಟಿಲು ಬೇಕು. ಮೆಟ್ಟಿಲಿಗೂ ದೋಣಿಯ ಮೈಗೂ ನಡುವೆ ಪಾದದ ಮುಂಭಾಗ ಹೋಗುವಷ್ಟು, ಅಂದರೆ ಹತ್ತು ಹನ್ನೆರಡು ಸೆಂ.ಮೀ., ಸಂದು ಇರಬೇಕು. ಇಲ್ಲದಿದ್ದರೆ ಕಾಲ್ಬೆರಳ ತುದಿಯಲ್ಲೇ ನಿಲ್ಲಬೇಕಾಗುತ್ತದೆ.

ಮೇಲಿನ ತುದಿಯ ಬಗ್ಗೆ ಮಾತ್ರ ಹೇಳಲೇಬೇಕು. ಕೆಳಗಿನ ಕೊನೆಯ ಮೆಟ್ಟಿಲಿನಷ್ಟೇ ಕಾಡುವುದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಏಣಿಯ ತುದಿ ದೋಣಿಯ ಅಂಚಿನಲ್ಲೇ ಮುಗಿದುಬಿಟ್ಟರೆ, ಅಲ್ಲಿಯವರೆಗೆ ಸಲೀಸಾಗಿ ಬಂದವರು ಕೈಗೆ ಹಿಡಿಯಲು ಏನೂ ಸಿಗದೆ ಹೊಟ್ಟೆಯ ಮೇಲೆ ಜಾರಿ ಒಳಗೆ ಬೀಳುತ್ತಾರೆ, ಇಲ್ಲವೇ ಮತ್ತೆ ನೀರಿಗೆ ಬೀಳುತ್ತಾರೆ. ಮಹಡಿಯ ತಾರಸಿಗೆ ಬಿದಿರಿನ ಏಣಿ ಇಡುವ ಬಣ್ಣ ಬಳಿಯುವವರು ಅದನ್ನು ಅಂಚಿಗಿಂತ ಒಂದು ಮೊಳ ಮೇಲಕ್ಕೆ ಚಾಚಿಯೇ ಇಡುತ್ತಾರೆ. ದೋಣಿಯಲ್ಲೂ ಅಷ್ಟೇ ಬೇಕು: ಅಂಚಿನ ಮೇಲೆ ಎರಡೂ ಬದಿಗೆ ಗಟ್ಟಿಯಾದ ಹಿಡಿಕೆ, ಅಥವಾ ಕೈಗೆಟುಕುವ ಕಂಬಿ.

ನೀರಿನಿಂದಲೇ ಇಳಿಯಬೇಕು

ಮೇಲಕ್ಕೆ ಮಡಚಿ, ಹಗ್ಗದಿಂದ ಬಿಗಿದು, ಕೊಕ್ಕೆ ಹಾಕಿದ ಏಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಲ್ಲರೂ ಒಟ್ಟಿಗೆ ನೀರಿಗೆ ಹಾರಿ, ಆಮೇಲೆ ಏಣಿ ಇಳಿಸಿಲ್ಲ ಎಂದು ಹೊಳೆಯುವುದು ಕಥೆಗಾರರ ಕಲ್ಪನೆಯಂತೆ ಕೇಳಿಸಬಹುದು. ಆದರೆ ಒಬ್ಬರೇ ಹಾಯಿ ನಡೆಸುವವರು ಕಾಲು ಜಾರಿ ಬಿದ್ದರೆ ಅವರ ಸ್ಥಿತಿಯೂ ಅದೇ. ಯುರೋಪ್ ಒಕ್ಕೂಟದ 2013ರ ಮನರಂಜನಾ ದೋಣಿಗಳ ನಿರ್ದೇಶನ ಇದನ್ನು ನೇರವಾಗಿಯೇ ಹೇಳುತ್ತದೆ: ನೀರಿನಲ್ಲಿರುವ ವ್ಯಕ್ತಿ ಬೇರೆಯವರ ನೆರವಿಲ್ಲದೆ ತಲುಪುವಂತೆ ಅಥವಾ ಬಿಡಿಸಿಕೊಳ್ಳುವಂತೆ ಏರುವ ಸಾಧನ ಇರಬೇಕು. ಪರಿಹಾರ ಸುಲಭ. ಮಡಚಿದ ಏಣಿಯ ಕೆಳತುದಿಗೆ ಬೆರಳು ದಪ್ಪದ ಹಗ್ಗವೊಂದನ್ನು ಕಟ್ಟಿ, ಅದರ ಇನ್ನೊಂದು ತುದಿ ನೀರಿನಿಂದ ಒಂದು ಗೇಣು ಮೇಲೆ ತೂಗುವಂತೆ ಬಿಡಿ. ಏಣಿಯನ್ನು ಮೇಲೆ ಹಿಡಿದಿರುವುದು ಎಳೆದರೆ ಬಿಚ್ಚುವ ಗಂಟಾಗಿರಲಿ, ಅಥವಾ ರಬ್ಬರ್ ಪಟ್ಟಿಯಾಗಿರಲಿ. ಕೊನೆಗೊಮ್ಮೆ ನೀವೇ ನೀರಿಗಿಳಿದು ಒಂದೇ ಕೈಯಿಂದ ಎಳೆದು ನೋಡಿ.

ಕೊಳವೆಯೊಳಗೆ ಕೊಳವೆ ಸೇರುವ ಟೆಲಿಸ್ಕೋಪಿಕ್ ಏಣಿಗಳಿಗೂ ಇದೇ ಪರೀಕ್ಷೆ. ಅವು ಜಾಗ ಉಳಿಸುತ್ತವೆ ಎಂಬುದು ನಿಜ. ಆದರೆ ಉಪ್ಪು, ಮರಳು ಸೇರಿದರೆ ಕೊಳವೆಗಳು ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವ ಶಿಸ್ತಿಲ್ಲದವರು ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು. ಮಡಚುವಾಗ ಬೆರಳು ಸಿಕ್ಕಿಕೊಳ್ಳುವುದು ಬೇರೆ.

ಹಗ್ಗದ ಏಣಿ ಎಂಬ ಆಸೆ

ಸಣ್ಣ ದೋಣಿಯವರ ಮೊದಲ ಆಸೆ ಹಗ್ಗದ ಏಣಿ. ಸುತ್ತಿ ಚೀಲಕ್ಕೆ ಹಾಕಬಹುದು, ದೋಣಿಗೆ ಒಂದು ರಂಧ್ರವನ್ನೂ ಕೊರೆಯಬೇಕಿಲ್ಲ, ಕಲಾಸಿಪಾಳ್ಯದಲ್ಲಿ ಹಗ್ಗ ತಂದು ಮನೆಯಲ್ಲೇ ಕಟ್ಟಬಹುದು. ಇದನ್ನು ದಡದಲ್ಲಿ ಮರಕ್ಕೆ ಕಟ್ಟಿ ಹತ್ತಿ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತದೆ. ನೀರಿನಲ್ಲಿ ಅದು ಬೇರೆಯೇ ಪ್ರಾಣಿ.

ಏಕೆಂದರೆ ನೋಡಿ. ಬಹುತೇಕ ದೋಣಿಗಳ ಮೈ ಅಂಚಿನಿಂದ ಕೆಳಗೆ ಹೋದಂತೆ ಒಳಕ್ಕೆ ಬಾಗುತ್ತದೆ. ಅಂಚಿನಿಂದ ತೂಗುವ ಹಗ್ಗದ ಏಣಿಗೆ ನೀರಿನ ಮಟ್ಟದಲ್ಲಿ ಒರಗಲು ಏನೂ ಇರುವುದಿಲ್ಲ. ತೂಗುವ ವಸ್ತುವಿನ ನಿಯಮ ಸರಳ: ಅದರ ಒಟ್ಟು ಭಾರದ ಕೇಂದ್ರ ತೂಗುಬಿಟ್ಟ ಬಿಂದುವಿನ ನೇರ ಕೆಳಗೆ ಬಂದು ನಿಲ್ಲುತ್ತದೆ. ನೀವು ಕೈಯಿಂದ ಹಗ್ಗ ಹಿಡಿದು ಪಾದವನ್ನು ಮೆಟ್ಟಿಲಿಗೆ ಇಟ್ಟಾಗ ನಿಮ್ಮ ಭಾರದ ಬಹುಪಾಲು, ಅಂದರೆ ಸೊಂಟ ಮತ್ತು ಎದೆ, ಹಗ್ಗದಿಂದ ಹೊರಗಡೆ ಇರುತ್ತದೆ. ಅದು ಬಿಂದುವಿನ ಕೆಳಗೆ ಬರಬೇಕಾದರೆ ಕಾಲುಗಳು ಒಳಕ್ಕೆ, ದೋಣಿಯ ಅಡಿಗೆ, ಚಿಮ್ಮಬೇಕು. ಹಾಗೆಯೇ ಆಗುತ್ತದೆ. ಕಾಲು ದೋಣಿಯ ಕೆಳಗೆ, ಬೆನ್ನು ನೀರಿಗೆ, ಮುಖ ಆಕಾಶಕ್ಕೆ. ಮತ್ತೆ ಇಡೀ ಭಾರ ತೋಳಿನ ಮೇಲೆ. ತೊಡೆಗೆ ದಾಟಿಸಬೇಕಿದ್ದ ಭಾರ ಹೊರಟಲ್ಲಿಗೇ ಬಂದು ನಿಂತಿತು.

ಹಡಗಿನವರು ಹಗ್ಗದ ಏಣಿಯನ್ನೇ ಬಳಸುವುದಿಲ್ಲವೇ ಎಂದು ಕೇಳಬಹುದು. ಬಳಸುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗುಗಳನ್ನು ಒಳಗೆ ತರುವ ಪೈಲಟ್‌ಗಳು ಏರುವ ಏಣಿ ಅದೇ ಜಾತಿಯದು. ಆದರೆ ಅದರ ಹಿಂದಿನ ಕಟ್ಟುಪಾಡು ನೋಡಿ. ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ನಿಯಮಗಳಂತೆ ಮೆಟ್ಟಿಲುಗಳ ನಡುವೆ 310ರಿಂದ 350 ಮಿ.ಮೀ. ಅಂತರ ಇರಬೇಕು, ಏಣಿ ತಿರುಚಿಕೊಳ್ಳದಂತೆ ನಡುನಡುವೆ 1.8 ಮೀಟರಿಗೆ ಕಡಿಮೆಯಿಲ್ಲದ ಉದ್ದದ ಅಡ್ಡಹಲಗೆ ಇರಬೇಕು. ನೀರಿನಿಂದ 9 ಮೀಟರಿಗಿಂತ ಹೆಚ್ಚು ಎತ್ತರ ಏರಬೇಕಾದರೆ ಹಗ್ಗದ ಏಣಿಯೊಂದೇ ಸಾಲದು, ಹಡಗಿನ ಬದಿಯ ಗಟ್ಟಿ ಮೆಟ್ಟಿಲನ್ನೂ ಜೋಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಡಗಿನ ಮೈ ಗೋಡೆಯಂತೆ ಚಪ್ಪಟೆ, ಏಣಿ ಅದಕ್ಕೆ ಒರಗಿ ನಿಲ್ಲುತ್ತದೆ. ಪೈಲಟ್ ಏರಲು ಶುರುಮಾಡುವುದು ಇನ್ನೊಂದು ದೋಣಿಯ ಹಲಗೆಯಿಂದ, ನೀರಿನಿಂದಲ್ಲ. ಇಷ್ಟಿದ್ದೂ ಅದು ಅಪಾಯದ ಕೆಲಸವೆಂದೇ ಹೆಸರು ಪಡೆದಿದೆ.

ಹಗ್ಗದ ಏಣಿಯೇ ಗತಿ ಎಂದಾದರೆ ಒಂದು ಉಪಾಯವಿದೆ: ಎದುರಿನಿಂದ ಏರಬೇಡಿ, ಬದಿಯಿಂದ ಏರಿ. ಏಣಿಯ ಅಂಚು ಎದೆಗೆ ಎದುರಾಗಿರಲಿ. ಒಂದು ಪಾದ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಮೆಟ್ಟಿಲಿಗೆ ಬರಲಿ. ಆಗ ದೇಹ ಹಗ್ಗಕ್ಕೆ ಅಂಟಿಕೊಂಡೇ ಇರುವುದರಿಂದ ಕಾಲು ಚಿಮ್ಮುವುದು ಕಡಿಮೆಯಾಗುತ್ತದೆ. ಕೊನೆಯ ಮೆಟ್ಟಿಲಿಗೆ ಸೀಸದ ತುಂಡೊಂದನ್ನು ಕಟ್ಟಿದರೆ ಮರದ ಮೆಟ್ಟಿಲು ತೇಲಿ ಮೇಲೆ ಬರುವುದಿಲ್ಲ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ; ಪಾಲಿಯೆಸ್ಟರ್ ಹಗ್ಗ ಆರಿಸಿ.

ಇದರ ಬಡ ಸಂಬಂಧಿಯೊಂದನ್ನು ಮಾತ್ರ ನಾನು ಎಲ್ಲ ದೋಣಿಗಳಿಗೂ ಶಿಫಾರಸು ಮಾಡುತ್ತೇನೆ, ಒಳ್ಳೆಯ ಸ್ಟೀಲ್ ಏಣಿ ಇದ್ದವರಿಗೂ. ಗಟ್ಟಿಯಾದ ಗೂಟಕ್ಕೆ ಕಟ್ಟಿದ ಒಂದು ಹಗ್ಗದ ಕುಣಿಕೆ, ನೀರಿನಿಂದ 50-60 ಸೆಂ.ಮೀ. ಕೆಳಗೆ ತೂಗುವಂಥದ್ದು. ಅದರ ತಳದಲ್ಲಿ ಒಂದು ಗೇಣಿನ ಪಿವಿಸಿ ಪೈಪಿನ ತುಂಡು ಪೋಣಿಸಿದರೆ ಕುಣಿಕೆ ಬಾಯಿ ಮುಚ್ಚದೆ ಪಾದಕ್ಕೆ ಸಿಗುತ್ತದೆ. ಅದರ ಮೇಲೊಂದು ಗಿಡ್ಡ ಕುಣಿಕೆ ಇದ್ದರೆ ಇನ್ನೂ ಒಳ್ಳೆಯದು. ಇದರಲ್ಲೂ ಕಾಲು ಒಳಕ್ಕೆ ಚಿಮ್ಮುತ್ತದೆ, ಆದರೆ ಏರಬೇಕಾದ ಎತ್ತರ ಕಡಿಮೆಯಾದ್ದರಿಂದ ಒಂದೇ ಏಟಿಗೆ ಹೊಟ್ಟೆ ಅಂಚಿನ ಮೇಲೆ ಬರುತ್ತದೆ. ಖರ್ಚು ಒಂದು ಊಟದ್ದೂ ಅಲ್ಲ.

ಹಿಂಬದಿಗೋ, ಬದಿಗೋ

ಹಿಂಬದಿಯ ಹಲಗೆಗೆ ಕೂರಿಸಿದ, ಕೀಲಿನ ಮೇಲೆ ಮಡಚುವ ಏಣಿಯೇ ಸಾಮಾನ್ಯವಾಗಿ ಸರಿಯಾದದ್ದು. ಹಿಂಬದಿ ಚಪ್ಪಟೆಯಾಗಿರುವುದರಿಂದ ಏಣಿ ಒರಗಿ ನಿಲ್ಲುತ್ತದೆ, ದೋಣಿಯೂ ಹೆಚ್ಚು ವಾಲುವುದಿಲ್ಲ. ಲೇಸರ್, ಎಂಟರ್‌ಪ್ರೈಸ್‌ನಂಥ ಹಗುರ ದೋಣಿಗಳಲ್ಲಿ ಒಬ್ಬರು ಬದಿಯಿಂದ ಏರಲು ಹೋದರೆ ದೋಣಿಯೇ ಅವರ ಮೇಲೆ ಮಗುಚಬಹುದು, ಅಂಥವುಗಳಿಗೆ ಹಿಂಬದಿಯೇ ಗತಿ. ಅವುಗಳ ಅಂಚು ನೀರಿಗೆ ಹತ್ತಿರ. ಏಣಿಯ ಬದಲು ಮೇಲೆ ಹೇಳಿದ ಕುಣಿಕೆಯೇ ಸಾಕಾಗುತ್ತದೆ.

ತೊಡಕು ಎಂದರೆ ಸಣ್ಣ ಹಾಯಿದೋಣಿಯ ಹಿಂಬದಿಯಲ್ಲಿ ಜಾಗಕ್ಕೆ ಪೈಪೋಟಿ. ನಡುವೆ ಚುಕ್ಕಾಣಿ, ಒಂದು ಪಕ್ಕ ಔಟ್‌ಬೋರ್ಡ್ ಎಂಜಿನ್. ಉಳಿದ ಪಕ್ಕ ಏಣಿಗೆ. ಚುಕ್ಕಾಣಿ ಪೂರ್ತಿ ತಿರುಗಿದಾಗ ಏಣಿಗೆ ತಾಗುತ್ತದೆಯೇ ಎಂದು ರಂಧ್ರ ಕೊರೆಯುವ ಮೊದಲೇ ತಿರುಗಿಸಿ ನೋಡಿ. ಎಂಜಿನ್‌ನ ಪ್ರೊಪೆಲ್ಲರ್ ಏಣಿಯಿಂದ ಕೈಯಳತೆಯಲ್ಲೇ ಇರುವುದರಿಂದ, ನೀರಿನಲ್ಲಿ ಜನರಿರುವಾಗ ಎಂಜಿನ್ ಪೂರ್ತಿ ಆರಿರಬೇಕು. ನ್ಯೂಟ್ರಲ್‌ನಲ್ಲಿದೆ ಎಂಬ ಸಮಾಧಾನ ಸಾಲದು. ಗೇರಿನ ಹಿಡಿಗೆ ಯಾರದೋ ಮೊಣಕಾಲು ತಾಗಿದರೆ ಮುಗಿಯಿತು.

ಕಡಲಿನಲ್ಲಿ ಇನ್ನೊಂದು ಮಾತಿದೆ. ಅಲೆಗಳಿದ್ದಾಗ ದೋಣಿಯ ಮೂತಿ ಮತ್ತು ಹಿಂಬದಿ ಏತದಂತೆ ಏರಿಳಿಯುತ್ತವೆ, ನಡುಭಾಗ ಅಷ್ಟಾಗಿ ಅಲುಗಾಡುವುದಿಲ್ಲ. ಏರಿದ ಹಿಂಬದಿ ಇಳಿಯುವಾಗ ಕೆಳಗಿರುವವರ ತಲೆಯ ಮೇಲೆ ಬೀಳಬಹುದು. ಅಂಥ ಹೊತ್ತಿನಲ್ಲಿ ದೋಣಿಯ ನಡುಭಾಗದ ಬದಿಯಿಂದ, ಅಂಚಿಗೆ ಕೊಕ್ಕೆ ಹಾಕಿ ಇಳಿಬಿಡುವ ಗಟ್ಟಿ ಏಣಿಯೇ ಉತ್ತಮ. ಆದರೆ ಅದರ ಕಾಲುಗಳಿಗೆ ದೋಣಿಯ ಮೈಗೆ ಒರಗುವ, ರಬ್ಬರ್ ಹಾಕಿದ ಗಿಡ್ಡ ಆಸರೆಗಳು (ಊರೆಗಳು) ಇರಬೇಕು, ಇಲ್ಲದಿದ್ದರೆ ಅದೂ ಹಗ್ಗದ ಏಣಿಯಂತೆ ಒಳಕ್ಕೆ ಓಲುತ್ತದೆ. ನಿಜ ಹೇಳಬೇಕೆಂದರೆ ಅಷ್ಟು ಅಲೆಯಿರುವ ದಿನ ಮೋಜಿಗೆ ಈಜಲು ಇಳಿಯುವುದೇ ಬೇಡ. ನಮ್ಮ ಜಲಾಶಯಗಳಲ್ಲಿ ಅಲೆಯ ಕಾಟ ಕಡಿಮೆ, ಆದರೆ ಹಲವೆಡೆ ಈಜು ನಿಷಿದ್ಧ; ಕಾವೇರಿ, ಕಬಿನಿಯ ನೀರಿನಲ್ಲಿ ಮೊಸಳೆಗಳೂ ಇವೆ, ಅವುಗಳ ಮುಂದೆ ಯಾವ ಏಣಿಯ ಮಾನದಂಡವೂ ನಡೆಯದು. ಹಲಸೂರು ಕೆರೆಯ ನೀರಿಗೆ ಬೇಕೆಂದೇ ಇಳಿಯುವವರಿಗೆ ನನ್ನ ಬಳಿ ಸಲಹೆಯಿಲ್ಲ.

ಪೀಣ್ಯದಲ್ಲಿ ಮಾಡಿಸುವುದಾದರೆ

ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಬೇಕಾದ ಅಳತೆಯ ಏಣಿ ಸಿಗದಿದ್ದರೆ ಪೀಣ್ಯದಲ್ಲಿ ಮಾಡಿಸಬಹುದು. ಐದು ಮೆಟ್ಟಿಲು, ಚಪ್ಪಟೆ ಮೆಟ್ಟಿಲು, ನಮ್ಮ ದೋಣಿಯ ಇಳಿಜಾರಿಗೆ ತಕ್ಕ ಊರೆ: ಎಲ್ಲವೂ ನಾವು ಹೇಳಿದಂತೆ. ಆದರೆ ಮನೆಯ ಮೆಟ್ಟಿಲಿಗೆ ಹಿಡಿಕಂಬಿ ಮಾಡುವ ಸ್ಟೀಲ್ ಅಂಗಡಿಗೆ ಹೋಗಿ ಬರೀ ಎಸ್‌ಎಸ್ ಎಂದರೆ ಅವರು 202 ದರ್ಜೆಯ ಕೊಳವೆ ಹಾಕಿ ಕೊಡುವ ಸಾಧ್ಯತೆಯೇ ಹೆಚ್ಚು. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಹಜಾರದಲ್ಲಿ ಬಹುಕಾಲ ಹೊಳೆದೀತು, ಕಡಲಿನ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ. ಸಿಹಿನೀರಿಗಾದರೆ 304 ಸಾಕು. ಕರಾವಳಿಗೆ ಒಯ್ಯುವುದಾದರೆ 316 ಬೇಕು, ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಉಪ್ಪಿನ ಕ್ಲೋರೈಡ್ ಲೋಹವನ್ನು ಚುಚ್ಚಿ ಗುಳಿ ಮಾಡುವುದನ್ನು ತಡೆಯುತ್ತದೆ. 304 ಯಾವುದು, 316 ಯಾವುದು ಎಂದು ಅಯಸ್ಕಾಂತ ಹಿಡಿದು ತಿಳಿಯಲಾಗದು, ಎರಡೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತವೆ. ಮಾಲಿಬ್ಡಿನಮ್ ಇದೆಯೇ ಎಂದು ತೋರಿಸುವ ರಾಸಾಯನಿಕ ಹನಿಗಳು ಸಿಗುತ್ತವೆ, ಕೊಳವೆ ಕತ್ತರಿಸುವ ಮೊದಲೇ ಪರೀಕ್ಷಿಸಿ. ಬೆಸುಗೆ ಆರ್ಗಾನ್ ವೆಲ್ಡಿಂಗ್ ಆಗಿರಲಿ, ಬೆಸೆದ ಜಾಗದ ನೀಲಿ-ಕಂದು ಬಣ್ಣವನ್ನು ಆಮ್ಲದ ಪೇಸ್ಟಿನಿಂದ ತೆಗೆಸಿ. ತುಕ್ಕು ಮೊದಲು ಹುಟ್ಟುವುದು ಅಲ್ಲೇ. ಹಗುರವೆಂದು ಅಲ್ಯೂಮಿನಿಯಂ ಆರಿಸಿ ಅದಕ್ಕೆ ಸ್ಟೀಲ್ ಬೋಲ್ಟ್ ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ಬ್ಯಾಟರಿಯೊಂದು ತಯಾರಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ.

ಏಣಿಗಿಂತ ಏಣಿಯನ್ನು ಹಿಡಿದ ಬೋಲ್ಟ್ ಮುರಿಯುವುದು, ಇಲ್ಲವೇ ಅದು ಹಿಡಿದ ಫೈಬರ್ ಕಿತ್ತುಬರುವುದು ಹೆಚ್ಚು. ಇದಕ್ಕೂ ಲೆಕ್ಕವಿದೆ. 80 ಕೆಜಿಯವರ ಭಾರ ದೋಣಿಯ ಹಲಗೆಯಿಂದ 40 ಸೆಂ.ಮೀ. ಹೊರಗಿದೆ ಎನ್ನಿ, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 10 ಸೆಂ.ಮೀ. ಅಂತರ. ಏಣಿಗೆ ಬೇರೆ ಆಸರೆ ಇಲ್ಲದಿದ್ದರೆ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಕೀಳುವ ಬಲ 80ನ್ನು 40ರಿಂದ ಗುಣಿಸಿ 10ರಿಂದ ಭಾಗಿಸಿದಷ್ಟು, ಅಂದರೆ 320 ಕೆಜಿ ತೂಕದಷ್ಟು. ಅದೇ ಏಣಿಯ ಊರೆ ಬೋಲ್ಟಿನಿಂದ 60 ಸೆಂ.ಮೀ. ಕೆಳಗೆ ಹಲಗೆಗೆ ಒರಗಿದರೆ ಬಲ 53 ಕೆಜಿಗೆ ಇಳಿಯುತ್ತದೆ. ಒಂದು ರಬ್ಬರ್ ಊರೆ ಮಾಡುವ ಉಪಕಾರ ಇಷ್ಟು. ಯಾರಾದರೂ ಜಗ್ಗಿ ಏರಿದರೆ ಈ ಸಂಖ್ಯೆಗಳು ಇನ್ನೂ ಮೇಲೆ ಹೋಗುತ್ತವೆ. ಆದ್ದರಿಂದ ಸ್ಕ್ರೂ ಬೇಡವೇ ಬೇಡ. ಹಲಗೆಯ ಮೂಲಕ ಹಾಯುವ ಬೋಲ್ಟ್, ಒಳಗಡೆ ಅಂಗೈಯಗಲದ ಲೋಹದ ತಗಡು, ಅದರ ಮೇಲೆ ನಟ್. ಫೈಬರ್ ಪದರಗಳ ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಮರವಿದ್ದರೆ ರಂಧ್ರವನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿಸಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಇಲ್ಲದಿದ್ದರೆ ನೀರು ಒಳಗಿನ ಮರಕ್ಕೆ ಇಳಿದು ಹಲಗೆ ಸದ್ದಿಲ್ಲದೆ ಕೊಳೆಯುತ್ತದೆ.

ಏಣಿ ಮಾಡಲಾಗದ ಎರಡು ಕೆಲಸ

ಒಂದು, ದೋಣಿಯನ್ನು ನಿಮ್ಮ ಬಳಿ ನಿಲ್ಲಿಸುವುದು. ಹಾಯಿ ಇಳಿಸಿದ್ದರೂ ಕಂಬ ಮತ್ತು ಮೈಗೆ ತಾಗುವ ಗಾಳಿಯೇ ದೋಣಿಯನ್ನು ಒಂದು ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದಲ್ಲಿ ಸಾಗಿಸಬಲ್ಲದು. ಸೆಕೆಂಡಿಗೆ ಅರ್ಧ ಮೀಟರ್. ಲೈಫ್ ಜಾಕೆಟ್ ತೊಟ್ಟ ಸಾಧಾರಣ ಈಜುಗಾರರಿಗೆ ಆ ವೇಗವನ್ನು ಬಹಳ ಹೊತ್ತು ಹಿಂಬಾಲಿಸುವುದು ಕಷ್ಟ. ಲಂಗರು ಹಾಕದೆ ಇಳಿಯಬೇಡಿ, ಒಬ್ಬರು ಮೇಲೆಯೇ ಇರಲಿ, ಹಿಂಬದಿಯಿಂದ ಹದಿನೈದಿಪ್ಪತ್ತು ಮೀಟರಿನ ತೇಲುವ ಹಗ್ಗವೊಂದು ತುದಿಯಲ್ಲಿ ತೇಲುಬುರುಡೆ ಕಟ್ಟಿಕೊಂಡು ನೀರಿನ ಮೇಲೆ ಬಿದ್ದಿರಲಿ. ಪಾಲಿಪ್ರೊಪಿಲೀನ್ ಹಗ್ಗ ತೇಲುವುದರಿಂದ ಇಲ್ಲಿ ಅದೇ ಸರಿ.

ಎರಡು, ಏರಲಾಗದವರನ್ನು ಏರಿಸುವುದು. ಪೆಟ್ಟಾದವರು, ಎಚ್ಚರ ತಪ್ಪಿದವರು, ನಿತ್ರಾಣರಾದವರು ಏಣಿಯ ಮೆಟ್ಟಿಲಿಗೆ ಪಾದ ಇಡಲಾರರು. ಮೇಲಿರುವ ಒಬ್ಬರು 80 ಕೆಜಿಯನ್ನು ಕೈಯಿಂದ ಎಳೆದುಕೊಳ್ಳಲಾರರು. ಇದಕ್ಕೆ ಬೇಕಾದದ್ದು ಕಪ್ಪಿ-ಹಗ್ಗ. ನಾಲ್ಕು ಎಳೆಗಳು ಭಾರ ಹೊರುವಂತೆ ಪೋಣಿಸಿದ ಕಪ್ಪಿಗಳ ಜೋಡಿಯನ್ನು ಹಾಯಿಯ ಕಂಬದಿಂದ ಇಳಿಯುವ ಹಗ್ಗಕ್ಕೆ ಸಿಕ್ಕಿಸಿ, ಕೆಳತುದಿಯನ್ನು ಲೈಫ್ ಜಾಕೆಟ್ಟಿನ ಎತ್ತುವ ಪಟ್ಟಿಗೆ ಅಥವಾ ಕಂಕುಳ ಸುತ್ತ ಹಾಕಿದ ಅಗಲದ ಪಟ್ಟಿಗೆ ಕೊಟ್ಟರೆ, ಎಳೆಯಬೇಕಾದ ಭಾರ 20 ಕೆಜಿಗೆ ಇಳಿಯುತ್ತದೆ, ಘರ್ಷಣೆಯದು ಒಂದಿಷ್ಟು ಬೇರೆ. ಅಷ್ಟನ್ನು ಒಬ್ಬರು ಎಳೆಯಬಲ್ಲರು. ಆ ಕಪ್ಪಿಯನ್ನು ಹಗ್ಗ ಪೋಣಿಸಿಯೇ, ಏಣಿಯ ಪಕ್ಕದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಲಂಗರಿನ ಸರಪಳಿಯ ಕೆಳಗೆ ಹೂಳಬೇಡಿ.